ಹಳೆಯ ಕೌದಿಯನ್ನು ಬಿಚ್ಚದೆ ಉಳಿಸಿಕೊಳ್ಳುವುದು ಹೇಗೆ?

ಅಟ್ಟದ ಟ್ರಂಕಿನ ತಳದಲ್ಲಿ ಹಳೆಯ ಕೌದಿಯೊಂದು (ಹಳೆಯ ಬಟ್ಟೆಗಳನ್ನು ಹೊಲಿದು ಮಾಡಿದ ಹೊದಿಕೆ) ಸಿಕ್ಕಿದಾಗ ಹೆಚ್ಚಿನವರಿಗೆ ತೋಚುವುದು ಎರಡೇ ದಾರಿ: ವಾಷಿಂಗ್ ಮೆಷಿನ್ನಿಗೆ ಹಾಕುವುದು, ಇಲ್ಲವೇ ಕತ್ತರಿಸಿ ಕಾಲೊರಸು ಮಾಡುವುದು. ಹೊಲಿಗೆ ಬಲ್ಲವರಿಗೆ ಇನ್ನೊಂದು ಆಸೆಯೂ ಹುಟ್ಟುತ್ತದೆ. ಎಲ್ಲವನ್ನೂ ಬಿಚ್ಚಿ, ಗಟ್ಟಿ ತುಂಡುಗಳನ್ನು ಆರಿಸಿ, ಹೊಸದಾಗಿ ಹೊಲಿದುಬಿಡೋಣ ಎನ್ನುವುದು ಆ ಆಸೆ. ಮೂರರಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಇದೇ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಕುಬಸದ ಖಣಗಳನ್ನು (ರವಿಕೆ ಬಟ್ಟೆ) ಪದರ ಪದರವಾಗಿ ಹಾಸಿ, ಕೈಸೂಜಿಯಿಂದ ಸಾಲು ಸಾಲಾಗಿ ಹೊಲಿದು ಕೌದಿ ಮಾಡುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ತ್ರಿಕೋನದ ಬಟ್ಟೆಯ ಹೂವು ಇಡುತ್ತಾರೆ. ಸವೆದ ಕೌದಿಯನ್ನು ಬಿಚ್ಚುವ ರೂಢಿ ಕಡಿಮೆ. ಅದರ ಮೇಲೆ ಹೊಸ ತೇಪೆ ಹಚ್ಚುತ್ತಾರೆ, ತೀರಾ ಹಳತಾದರೆ ಅದನ್ನೇ ಒಳಗಿಟ್ಟು ಇನ್ನೊಂದನ್ನು ಹೊಲಿಯುತ್ತಾರೆ. ಆದ್ದರಿಂದ ದುರಸ್ತಿಗೂ ಇದೇ ಸೂತ್ರ: ಸೇರಿಸಬಹುದು, ತೆಗೆಯಬಾರದು.

ಮೊದಲು ನೋಡಿ

ಕೌದಿಯನ್ನು ಒಗೆದ ಚಾದರದ ಮೇಲೆ ಹಗಲು ಬೆಳಕಿನಲ್ಲಿ ಹರಡಿ, ಎರಡೂ ಮಗ್ಗುಲಿನ ಫೋಟೊ ತೆಗೆದುಕೊಳ್ಳಿ. ನಮ್ಮ ಮನೆಯ ಕೌದಿಯ ಒಂದು ಮೂಲೆಯಲ್ಲಿ ಕಂದುಬಣ್ಣಕ್ಕೆ ತಿರುಗಿದ ತೇಪೆಯೊಂದು ಹರಿದಿತ್ತು. ಅದರ ಅಂಚನ್ನು ಬೆರಳಿನಿಂದ ಮೆಲ್ಲಗೆ ಎತ್ತಿದರೆ ಕೆಳಗೆ ಗಿಳಿಹಸಿರಿನ ಖಣ, ನಿನ್ನೆ ಮೊನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಬೆಳಕು ತಾಗದ ಕಾರಣ ಅದರ ಬಣ್ಣ ಉಳಿದಿತ್ತು. ಬಿಚ್ಚಿ ಪೂರ್ತಿ ನೋಡುವ ಆಸೆಯನ್ನು ತಡೆದುಕೊಳ್ಳುವುದು ಕಷ್ಟ, ಆದರೂ ತಡೆದುಕೊಳ್ಳಬೇಕು.

ಹುಳು ಇದೆಯೆಂಬ ಅನುಮಾನವಿದ್ದರೆ, ತೊಟ್ಟಿಲ ಕೌದಿಯಂತಹ ಚಿಕ್ಕದನ್ನು ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಬಹುದು. ಹೊರತೆಗೆದ ಮೇಲೆ ಒಂದು ದಿನ ಬಿಟ್ಟು ಚೀಲ ಬಿಚ್ಚಿ, ಇಲ್ಲವಾದರೆ ತಣ್ಣನೆಯ ಬಟ್ಟೆಯ ಮೇಲೆ ನೀರಿನ ಪಸೆ ಕೂರುತ್ತದೆ. ಧೂಳು ತೆಗೆಯಲು ಕೌದಿಯನ್ನು ಬಡಿಯಬೇಡಿ. ಸೊಳ್ಳೆಪರದೆಯ ತುಂಡೊಂದನ್ನು ಮೇಲೆ ಹಾಸಿ, ವ್ಯಾಕ್ಯೂಮ್ ಕ್ಲೀನರಿನ ವೇಗ ತಗ್ಗಿಸಿ, ನಿಧಾನವಾಗಿ ಎಳೆಯಿರಿ. ಎಷ್ಟೋ ಕೌದಿಗಳಿಗೆ ಇಷ್ಟೇ ಸಾಕು.

ಒಗೆಯಬೇಕೇ?

ಒಗೆಯಲೇಬೇಕೆಂದಿದ್ದರೆ ಮೊದಲು ಬಣ್ಣ ಪರೀಕ್ಷಿಸಿ. ಪ್ರತಿಯೊಂದು ಬಗೆಯ ಬಟ್ಟೆಯ ಮೇಲೆ ಎರಡು ಹನಿ ನೀರು ಹಾಕಿ, ಕೆಲವು ನಿಮಿಷ ಬಿಟ್ಟು, ಬಿಳಿಯ ಹತ್ತಿಬಟ್ಟೆಯನ್ನು ಒತ್ತಿ ನೋಡಿ. ಸೋಪಿನ ನೀರಿನಿಂದಲೂ ಹೀಗೆಯೇ ಮಾಡಿ. ಯಾವುದೇ ಒಂದು ತುಂಡು ಬಣ್ಣ ಬಿಟ್ಟರೂ ಒಗೆಯುವ ವಿಚಾರ ಕೈಬಿಡಿ. ನಾನು ಮೇಲೆ ಕಾಣುವ ತುಂಡುಗಳನ್ನಷ್ಟೇ ಪರೀಕ್ಷಿಸಿದ್ದೆ. ಒಳಪದರದಲ್ಲಿದ್ದ ಕೆಂಪು ಸೆರಗು ಬಣ್ಣ ಬಿಟ್ಟು ಹಿಂಬದಿಯ ಬಿಳಿ ಧೋತರವೆಲ್ಲ ಗುಲಾಬಿಯಾಯಿತು. ಹರಿದ ಜಾಗದಿಂದ ಒಳಪದರವನ್ನೂ ಪರೀಕ್ಷಿಸಬೇಕೆಂಬುದು ಆಗ ತಿಳಿಯಿತು.

ಒದ್ದೆ ಕೌದಿ ಬಹಳ ಭಾರವಾಗುತ್ತದೆ, ಆ ಭಾರವೆಲ್ಲ ಹಳೆಯ ದಾರದ ಮೇಲೆ ಬೀಳುತ್ತದೆ. ಅದಕ್ಕಾಗಿ ಅಗಲವಾದ ಟಬ್ಬಿನಲ್ಲಿ ಮೊದಲು ಚಾದರ ಹಾಸಿ, ಅದರ ಮೇಲೆ ಕೌದಿಯನ್ನಿಟ್ಟು ನೆನೆಸಿ. ಎತ್ತುವಾಗ ಇಬ್ಬರು ಚಾದರದ ತುದಿಗಳನ್ನು ಹಿಡಿದು ಜೋಲಿಯಂತೆ ಎತ್ತಿ. ತಣ್ಣೀರು, ಸೌಮ್ಯವಾದ ದ್ರವ ಸೋಪು ಸಾಕು. ಬ್ಲೀಚು ಮತ್ತು ಬ್ರಶ್ಶು ಬೇಡ. ಕೈಯಿಂದ ಮೆಲ್ಲಗೆ ಒತ್ತಿ, ಹಿಂಡಬೇಡಿ, ನೀರು ತಿಳಿಯಾಗುವವರೆಗೆ ಬದಲಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಕೊನೆಯ ಸಲ ಫಿಲ್ಟರ್ ನೀರು ಬಳಸಿ. ಹಗ್ಗಕ್ಕೆ ತೂಗುಹಾಕದೆ, ಹೊರಸಿನ (ಹಗ್ಗದ ಮಂಚ) ಮೇಲೆ ಚಾದರ ಹಾಸಿ ನೆರಳಿನಲ್ಲಿ ಒಣಗಿಸಿದರೆ ಕೆಳಗಿನಿಂದಲೂ ಗಾಳಿ ಆಡುತ್ತದೆ.

ತೇಪೆ ಮತ್ತು ಹೊಲಿಗೆ

ತೇಪೆಗೆ ಹಲವು ಸಲ ಒಗೆದು ಮೆತ್ತಗಾದ ಹತ್ತಿಬಟ್ಟೆಯನ್ನೇ ಆರಿಸಿ. ಹೊಸ ಬಟ್ಟೆ ಮುಂದೆ ಕುಗ್ಗಿ ಹಳೆಯದನ್ನು ಎಳೆಯುತ್ತದೆ. ಹರಿದ ಅಂಚನ್ನು ಕತ್ತರಿಸಿ ಚೊಕ್ಕ ಮಾಡದೆ, ಎಳೆಗಳನ್ನು ಮಟ್ಟಸವಾಗಿ ಹಾಸಿ, ಸುತ್ತಲೂ ಒಂದಂಗುಲ ಹೆಚ್ಚಿರುವ ತೇಪೆಯನ್ನು ಇಡಿ. ಹೊಲಿಗೆ ಗಟ್ಟಿ ಬಟ್ಟೆಯ ಮೇಲೆ ಬೀಳಲಿ. ಬಟ್ಟೆ ಜಾಳಾಗಿದ್ದರೂ ವಿನ್ಯಾಸ ಕಾಣಬೇಕೆನಿಸಿದರೆ ಅದೇ ಬಣ್ಣದ ತೆಳು ನೆಟ್ ಬಟ್ಟೆ ಹೊದಿಸಬಹುದು. ದಾರ ಹತ್ತಿಯದೇ ಇರಬೇಕು. ಪಾಲಿಯೆಸ್ಟರ್ ದಾರ ತಾನು ಹರಿಯುವುದಿಲ್ಲ, ಎಳೆದಾಗ ಹಳೆಯ ಬಟ್ಟೆಯನ್ನು ಕೊಯ್ಯುತ್ತದೆ. ಇಸ್ತ್ರಿ ಮಾಡಿ ಅಂಟಿಸುವ ಬಟ್ಟೆ, ಗೋಂದು ಬೇಡವೇ ಬೇಡ.

ಹೊಲಿಗೆ ಬಿಚ್ಚಿಹೋದ ಕಡೆ ಹಳೆಯ ದಾರದ ತುದಿಯನ್ನು ಕತ್ತರಿಸದೆ ಪದರದೊಳಗೆ ಸೇರಿಸಿ, ಗಟ್ಟಿಯಿರುವ ಹೊಲಿಗೆಯಿಂದಲೇ ಹೊಸದನ್ನು ಆರಂಭಿಸಿ. ಹಳೆಯ ಸೂಜಿಯ ತೂತುಗಳು ಕಾಣುತ್ತಿದ್ದರೆ ಅವುಗಳಲ್ಲೇ ಪೋಣಿಸಿ. ಅಜ್ಜಿಯ ಸಾಲು ಎಲ್ಲಿ ಸೊಟ್ಟಗಿದೆಯೋ ಅಲ್ಲಿ ನಿಮ್ಮದೂ ಸೊಟ್ಟಗಿರಲಿ. ನೇರ ಮಾಡಹೊರಟರೆ ಬಟ್ಟೆ ನೆರಿಗೆಗಟ್ಟುತ್ತದೆ.

ಕೆಲವೊಮ್ಮೆ ಪೂರ್ತಿ ಕೌದಿಯ ಬದಲು, ಕೂಡಿಸಿಟ್ಟ ಮೇಲ್ಪದರ ಮಾತ್ರ ಅಥವಾ ಚೌಕದ ತುಂಡುಗಳ ಗಂಟು ಸಿಗುತ್ತದೆ. ಇವುಗಳನ್ನು ಬೆಳಕಿಗೆ ಹಿಡಿದು ಜಾಳಾದ ಕಡೆ ಗುರುತಿಸಿ, ಒಗೆದು ಕುಗ್ಗಿಸಿದ ಮಲ್ ಬಟ್ಟೆಯನ್ನು ಹಿಂದೆ ಕೊಟ್ಟು ಕಚ್ಚಾ ಹೊಲಿಗೆ ಹಾಕಿ. ಅಂಚುಗಳು ಓರೆಕೋರೆಯೆಂದು ಅಳತೆಪಟ್ಟಿ ಇಟ್ಟು ಕತ್ತರಿಸಬೇಡಿ. ಅರ್ಧಕ್ಕೆ ನಿಂತ ಕೆಲಸವನ್ನು ಮುಗಿಸಲೇಬೇಕೆಂಬ ನಿಯಮವೇನೂ ಇಲ್ಲ. ನನ್ನನ್ನು ಕೇಳಿದರೆ ಹಾಗೇ ಇಡುವುದು ಮೇಲು.

ಎತ್ತಿಡುವಾಗ ಪಾಲಿಥಿನ್ ಚೀಲದ ಬದಲು ಒಗೆದ ಧೋತರದಲ್ಲಿ ಸುತ್ತಿ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ಮೂರು ನಾಲ್ಕು ತಿಂಗಳಿಗೊಮ್ಮೆ ಹೊರತೆಗೆದು ಗಾಳಿಗೆ ಹಾಕಿ, ಹಿಂದಿನ ಮಡಿಕೆಯ ಗೆರೆಯನ್ನು ಬಿಟ್ಟು ಬೇರೆ ಕಡೆ ಮಡಚಿ. ಹೊಲಿದವರ ಹೆಸರು, ಊರು, ನೀವು ತೇಪೆ ಹಚ್ಚಿದ ವರ್ಷ ಬರೆದ ಹತ್ತಿಯ ಪಟ್ಟಿಯೊಂದನ್ನು ಹಿಂಬದಿಯ ಮೂಲೆಗೆ ನಾಲ್ಕು ಹೊಲಿಗೆಯಲ್ಲಿ ಸೇರಿಸಿಡಿ.