ಎರಡು ರೂಟರ್ ಸುಟ್ಟ ಮೇಲೆ ಅರ್ಥಿಂಗ್ ನೆನಪಾಯಿತು

ಶಿರಸಿ ಕಡೆ ಮಳೆಗಾಲಕ್ಕೆ ಮುಂಚಿನ ಗುಡುಗು-ಸಿಡಿಲು ಗೊತ್ತಲ್ವಾ? ಎರಡು ವರ್ಷದಲ್ಲಿ ಎರಡು ರೂಟರ್, ಒಂದು ಟಿವಿ ಸುಟ್ಟುಹೋದವು. ಸ್ಪೈಕ್ ಬಸ್ಟರ್ ಇತ್ತು, ಆದರೂ! ವೈರಿಂಗ್ ಮಾಡುವವರು ಬಂದು ಮೊದಲು ಅರ್ಥಿಂಗ್ ನೋಡಿದರು. ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟ್, ಫೇಸ್-ಅರ್ಥ್ ನಡುವೆ ಬರೀ 90; ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಬರಬೇಕಿತ್ತು. ಅಂಗಳದ ಅರ್ಥ್ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಹೆಚ್ಚಾದ ವೋಲ್ಟೇಜ್ ನೆಲಕ್ಕೆ ಇಳಿಯಲು ದಾರಿಯೇ ಇಲ್ಲ!

ಬಚ್ಚಲ ನೀರು ಹೋಗುವ ಬಾಳೆಬುಡದ ಹತ್ತಿರ ಅರ್ಥಿಂಗ್‌ಗೆ ಹೊಸ ಗುಂಡಿ ತೆಗೆಸಿದೆ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿಬಿಡುತ್ತದೆ, ಅಲ್ಲಿ ಮಾತ್ರ ಸದಾ ತೇವ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಇದ್ದಿಲು, ಉಪ್ಪು ಹಾಕಿದೆವು. ಡಿಬಿಯಲ್ಲಿ (ಮನೆಯ ಕರೆಂಟ್ ಹಂಚುವ ಪೆಟ್ಟಿಗೆ) ಎಸ್‌ಪಿಡಿ, ಅಂದರೆ ದಿಢೀರ್ ಏರುವ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಸಾಧನ, ಕೂರಿಸಿ, ಅದರ ಅರ್ಥ್ ತಂತಿಯನ್ನು ಆದಷ್ಟು ಗಿಡ್ಡ ಇಟ್ಟೆವು.

ಆಯಿ ಈಗಲೂ ಮೋಡ ಕಂಡ ಕೂಡಲೇ ಪ್ಲಗ್, ಡಿಶ್ ಕೇಬಲ್ ಎರಡನ್ನೂ ಕೀಳುತ್ತಾಳೆ. ನಾನು ಬೇಡ ಅನ್ನುವುದಿಲ್ಲ. ಸಿಡಿಲು ನೇರ ಬಡಿದರೆ ಎಸ್‌ಪಿಡಿಯೂ ಸಾಲದು.