ಸುಡುವ ತಾರಸಿಯಲ್ಲೂ ಸೊಪ್ಪು: ಮಡಿಕೆ ಹೂತು ಬೆಳೆಯುವ ಬಗೆ

ಏಪ್ರಿಲ್ ಬಂತೆಂದರೆ ಚಿತ್ರದುರ್ಗದಲ್ಲಿ ಮಧ್ಯಾಹ್ನ ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ನೆತ್ತಿ ಮೇಲೆ ಬಿಸಿಲು, ಸುತ್ತ ಕಾದ ಬಂಡೆ, ಜೊತೆಗೆ ಒಣಗಾಳಿ. ‘ಈಗ್ಯಾಕೆ ಕೈತೋಟ, ಮಳೆಗಾಲಕ್ಕೆ ನೋಡೋಣ’ ಎಂದು ಹಲವರು ಕುಂಡಗಳನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಬಿಸಿಲಿಗೆ ಒಗ್ಗುವ ಸೊಪ್ಪು ಆರಿಸಿ, ನೀರನ್ನು ಮೇಲಿಂದ ಸುರಿಯುವ ಬದಲು ಬೇರಿಗೇ ಮುಟ್ಟಿಸಿದರೆ ಈ ಊರಿನ ಬೇಸಿಗೆಯಲ್ಲೂ ಮನೆಗೆ ಸೊಪ್ಪು ಸಿಗುತ್ತದೆ.

ಮೊದಲು ಬೀಜ, ಆಮೇಲೆ ಜಾಗ

ದಂಟು, ಹರಿವೆ, ಬಸಳೆ, ಪುಂಡಿ, ಹೊನಗೊನ್ನೆ. ಬೇಸಿಗೆಗೆ ಇವಿಷ್ಟು ಸಾಕು. ತರಕಾರಿ ಬೇಕೇ ಬೇಕು ಅನ್ನುವವರು ಬೆಂಡೆ, ಚವಳಿಕಾಯಿ ಹಾಕಬಹುದು. ಕೊತ್ತಂಬರಿ, ಪಾಲಕ್ ಈಗ ಬೇಡ. ಸೆಕೆಗೆ ಎಲೆ ದೊಡ್ಡದಾಗುವ ಮೊದಲೇ ಹೂ ಕಟ್ಟಿಬಿಡುತ್ತವೆ.

ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಬಿದ್ದು, ಮಧ್ಯಾಹ್ನ ನೀರಿನ ಟ್ಯಾಂಕಿನದ್ದೋ ಗೋಡೆಯದ್ದೋ ನೆರಳು ಸಿಗುವ ಜಾಗ ಒಳ್ಳೆಯದು. ಅಂಥ ಜಾಗ ಇಲ್ಲದಿದ್ದರೆ ಅರ್ಧ ಬಿಸಿಲು ತಡೆಯುವ, ಅಂದರೆ ಶೇಕಡ 50ರ ಹಸಿರು ನೆರಳು ಬಲೆ ಕಟ್ಟಿ. ಆರೇಳು ಅಡಿ ಎತ್ತರದಲ್ಲಿರಲಿ, ಕೆಳಗೆ ಸೆಕೆ ನಿಲ್ಲಬಾರದು. ಗಾಳಿ ಬೀಸುವ ಕಡೆ ಹಳೇ ಸೀರೆಯನ್ನೋ ಗೋಣಿಚೀಲವನ್ನೋ ಅಡ್ಡ ಕಟ್ಟಿ. ಎಲೆ ಬಾಡಿಸುವುದರಲ್ಲಿ ಈ ಒಣಗಾಳಿ ಬಿಸಿಲಿಗಿಂತ ಕಡಿಮೆಯೇನಲ್ಲ.

ಕುಂಡವನ್ನು ನೇರವಾಗಿ ತಾರಸಿ ಮೇಲೆ ಇಡಬೇಡಿ. ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಕಾದ ಸಿಮೆಂಟಿನ ಬಿಸಿ ಬೇರಿಗೆ ತಾಗುವುದಿಲ್ಲ, ಹೆಚ್ಚಾದ ನೀರೂ ಇಳಿದು ಹೋಗುತ್ತದೆ. ಕಪ್ಪು ಚೀಲವಾದರೆ ಸುತ್ತ ಗೋಣಿತಟ್ಟು ಸುತ್ತಿ.

ಮಣ್ಣಿನ ಲೆಕ್ಕ ಸುಲಭ: ಕೆಂಪು ಮಣ್ಣು ಎರಡು ಪಾಲು, ಹಳೇ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಬರೀ ಎರೆಮಣ್ಣು ಹಾಕಿದರೆ ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ.

ಮಡಿಕೆ ಹೂಳುವುದು

ಇಡೀ ಕೆಲಸದ ಜೀವಾಳ ಇದು, ಸ್ವಲ್ಪ ನಿಧಾನವಾಗಿ ಮಾಡಿ. ಒಂದೂವರೆ ಅಡಿ ಅಗಲದ ಡ್ರಮ್ಮಿಗೆ ಒಂದು ಲೀಟರ್ ಹಿಡಿಯುವ ಮಣ್ಣಿನ ಮಡಿಕೆ ಬೇಕು. ಬಣ್ಣ ಬಳಿದದ್ದು, ಮೆರುಗು ಕೊಟ್ಟದ್ದು ಬೇಡ. ಮನೆಗೆ ತಂದ ಮೇಲೆ ನೀರು ತುಂಬಿಸಿ ಒಂದೆರಡು ಗಂಟೆ ಬಿಡಿ. ಹೊರಮೈ ಕಪ್ಪಗಾಗಿ, ಕೈಯಿಟ್ಟರೆ ತಣ್ಣಗೆ ತೇವ ಹತ್ತಬೇಕು. ಹೊರಗೆ ಒಣಗಿಯೇ ಇದ್ದರೆ ಆ ಮಡಿಕೆಯಿಂದ ನೀರು ಒಸರುವುದಿಲ್ಲ ಅಂತ ಅರ್ಥ. ಧಾರೆಯಾಗಿ ಸೋರಿದರೂ ಬೇಡ, ಅದು ಸೀಳಿದೆ.

ಡ್ರಮ್ಮಿನ ನಡುವೆ ಕತ್ತಿನವರೆಗೆ ಹೂತು, ಬಾಯಿ ಮಾತ್ರ ಒಂದಂಗುಲ ಮೇಲಿರಲಿ. ಸುತ್ತಲ ಮಣ್ಣನ್ನು ಬೆರಳಿನಿಂದ ಅದುಮಿ. ಮಣ್ಣಿಗೂ ಮಡಿಕೆಗೂ ನಡುವೆ ಸಂದು ಉಳಿದರೆ ತೇವ ದಾಟುವುದಿಲ್ಲ. ನೀರು ತುಂಬಿ ಮುಚ್ಚಳ ಮುಚ್ಚಿ. ತೆರೆದಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಮಣ್ಣು ಒಣಗಿದಷ್ಟೂ ನೀರನ್ನು ಹೀರಿಕೊಳ್ಳುತ್ತದೆ, ತೇವ ಇದ್ದಾಗ ಒಸರುವುದು ಕಡಿಮೆಯಾಗುತ್ತದೆ. ಬೇರುಗಳು ತಾವೇ ಮಡಿಕೆಯನ್ನು ಹುಡುಕಿಕೊಂಡು ಬರುತ್ತವೆ.

ದಂಟಿನ ಬೀಜ ತೀರಾ ಸಣ್ಣದು, ಮರಳಿನ ಜೊತೆ ಕಲಸಿ ಮಡಿಕೆಯ ಸುತ್ತ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹಾಕಿ. ಒದ್ದೆ ಗೋಣಿತಟ್ಟು ಮುಚ್ಚಿಡಿ. ಮೊಳಕೆ ಕಂಡ ದಿನವೇ ಸಂಜೆ ಅದನ್ನು ತೆಗೆಯಿರಿ. ಬೇರು ಕೆಳಗಿಳಿಯುವ ತನಕ ಒಂದೆರಡು ವಾರ ಮೇಲಿಂದಲೂ ಬೆಳಿಗ್ಗೆ ನೀರು ಚಿಮುಕಿಸಬೇಕು.

ಗಿಡ ಗೇಣುದ್ದ ಆದ ಮೇಲೆ ಮಣ್ಣಿನ ಮೇಲೆ ಎರಡಂಗುಲ ಹೊದಿಕೆ. ಚಳ್ಳಕೆರೆ ಕಡೆಯವರಿಗೆ ಶೇಂಗಾ ಸಿಪ್ಪೆಗೆ ಬರವಿಲ್ಲ, ದಾವಣಗೆರೆಯವರಿಗೆ ಭದ್ರಾ ನಾಲೆ ಬಯಲಿನ ಭತ್ತದ ಹುಲ್ಲು ಇದೆ. ಉಪ್ಪು ಹಾಕಿ ಹುರಿದ ಶೇಂಗಾದ ಸಿಪ್ಪೆ ಮಾತ್ರ ಬೇಡ.

ನೀರು ಎಲ್ಲಿಂದ?

ದುರ್ಗದ ಕೋಟೆಯ ಹೊಂಡಗಳನ್ನು ನೋಡಿದ್ದೀರಲ್ವಾ? ಮೇಲಿನದು ತುಂಬಿದ ಮೇಲೆ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ಕಟ್ಟಿದ್ದಾರೆ. ಅಡುಗೆಮನೆ ನೀರನ್ನೂ ಹಾಗೇ ಇಳಿಸಬೇಕು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಒಂದು ಬಕೆಟ್ಟಿಗೆ, ಅಲ್ಲಿಂದ ಬಟ್ಟೆಯಲ್ಲಿ ಸೋಸಿ ಮಡಿಕೆಗೆ. ಸೋಸದಿದ್ದರೆ ಮಡಿಕೆಯ ಸಣ್ಣ ರಂಧ್ರಗಳು ಕಟ್ಟುತ್ತವೆ. ಸೋಪು, ಎಣ್ಣೆ ಸೇರಿದ ನೀರು ಬೇಡ.

ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕಲೇಬೇಡಿ. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು. ಯಂತ್ರ ತೆಗೆದುಬಿಟ್ಟ ಉಪ್ಪೆಲ್ಲ ಆ ನೀರಿನಲ್ಲೇ ಇರುತ್ತದೆ. ಅದು ನೆಲ ಒರೆಸಲು, ಶೌಚಾಲಯಕ್ಕೆ ಸರಿ. ಮಡಿಕೆಯ ಬಾಯಿಯಲ್ಲಿ ಬಿಳಿ ಪುಡಿ ಕಂಡರೆ ಅದೂ ಉಪ್ಪೇ. ಒದ್ದೆ ನಾರಿನಿಂದ ಉಜ್ಜಿ ತೆಗೆಯಿರಿ.

ಎಲೆಯಡಿ ಹಿಟ್ಟು ತಿಗಣೆಯೋ ಕೆಂಪು ನುಸಿಯೋ ಕಂಡರೆ ನೀರು ರಭಸವಾಗಿ ಚಿಮ್ಮಿಸಿ. ಹೋಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಕಲಸಿ ಸಂಜೆ ಸಿಂಪಡಿಸಿ.

ಕೊಯ್ದು ಉಣ್ಣುವುದು

ಹದಿನೈದು ದಿನಕ್ಕೆ ಒತ್ತಾದ ಸಸಿಗಳನ್ನು ಕೀಳಿ. ಆ ಎಳೇ ಸೊಪ್ಪು ಹೆಸರುಬೇಳೆ ಜೊತೆ ಪಲ್ಯಕ್ಕೆ ಬಲು ರುಚಿ. ಸುಮಾರು ಒಂದು ತಿಂಗಳಿಗೆ ಮೂರಂಗುಲ ಬುಡ ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬೆಳಗಿನ ತಂಪಲ್ಲೇ ಕೊಯ್ಯಿರಿ, ಮಧ್ಯಾಹ್ನ ಕೊಯ್ದದ್ದು ಅಡುಗೆಮನೆಗೆ ಬರುವಷ್ಟರಲ್ಲಿ ಜೋತು ಬಿದ್ದಿರುತ್ತದೆ.

ತೊಳೆದ ಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೆಯಬೇಡಿ. ಬೇಸಿಗೆಗೆ ಬಸ್ಸಾರಿನಂಥ ಅಡುಗೆ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರು ಸಾರಿಗೆ, ಬೆಂದದ್ದು ಪಲ್ಯಕ್ಕೆ, ಜೊತೆಗೆ ಮುದ್ದೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಸೊಪ್ಪಿನ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಟೀ, ಕಾಫಿ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. 

ಭರಣಿ, ಕೃತ್ತಿಕಾ ಮಳೆ ಹನಿದಾಗ ಬಲೆ, ಹೊದಿಕೆ ಎರಡನ್ನೂ ಸರಿಸಿ ಕುಂಡಗಳನ್ನು ಮಳೆಗೆ ಬಿಡಿ. ಬೇಸಿಗೆಯಿಡೀ ಮಣ್ಣಿನಲ್ಲಿ ಸೇರಿದ ಉಪ್ಪು ಆ ನೀರಿನ ಜೊತೆ ಕೆಳಗಿಳಿದು ಹೋಗುತ್ತದೆ. ಮಣ್ಣು ಸ್ವಲ್ಪ ಆರಿದ ಮೇಲೆ ಒಂದು ಹಿಡಿ ಗೊಬ್ಬರ ಕೊಟ್ಟು ಹೊದಿಕೆ ವಾಪಸ್ ಹಾಕಿ.