ಗೃಹಪ್ರವೇಶಕ್ಕೆ ಮೊದಲು ಗೋಡೆ ಒಣಗಲಿ

ಆಷಾಢ ಬರುವುದರೊಳಗೆ ಗೃಹಪ್ರವೇಶ ಮುಗಿಸಿಬಿಡಬೇಕೆಂಬ ಅವಸರದಲ್ಲಿ, ಗಿಲಾವು ಮುಗಿದು ಹದಿನೈದು ದಿನವೂ ತುಂಬದ ಗೋಡೆಗೆ ಪುಟ್ಟಿ ಹಚ್ಚಿಸುವವರನ್ನು ಪ್ರತಿವರ್ಷವೂ ನೋಡುತ್ತೇನೆ. ಜ್ಯೇಷ್ಠದ ಕೊನೆಯ ಮುಹೂರ್ತಗಳು ಬರುವ ಹೊತ್ತಿಗೆ ಮುಂಗಾರು ಶುರುವಾಗಿರುತ್ತದೆ. ಹೊರಗಿನ ಗಾಳಿಯಲ್ಲೂ ತೇವ, ಗೋಡೆಯೊಳಗೂ ತೇವ. ಅಂಥ ಗೋಡೆಯ ಮೇಲೆ ಎಷ್ಟೇ ಬೆಲೆಯ ಎಮಲ್ಷನ್ ಬಳಿದರೂ ದೀಪಾವಳಿಯ ಹೊತ್ತಿಗೆ ಬಿಳಿಯ ಉಪ್ಪು ಹೊರಬಂದು, ಬಣ್ಣ ಗುಳ್ಳೆಗಟ್ಟಿ ಉದುರತೊಡಗುತ್ತದೆ. ಹೊಸ ಮನೆ ಕಟ್ಟಿರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಒಳಗಿನ ಕೆಲಸವಾಗಲಿ, ಹೊರಗಿನ ಕೈತೋಟವಾಗಲಿ, ಮೊದಲು ನೀರಿನ ವಿಚಾರ ಇತ್ಯರ್ಥವಾಗಬೇಕು, ಅಲಂಕಾರ ಆಮೇಲೆ.

ಗಿಲಾವು ಮಾಡಿದ ಮೇಲೆ ಕನಿಷ್ಠ ಏಳು ದಿನ ನೀರು ಹೊಡೆಸಿ, ನಂತರ ನಾಲ್ಕು ವಾರವಾದರೂ ಕಿಟಕಿಗಳನ್ನು ತೆರೆದಿಟ್ಟು ಗೋಡೆಯನ್ನು ಒಣಗಲು ಬಿಡಬೇಕು. ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದರೆ ತಿಳಿಯುವುದಿಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಮರುದಿನ ನೋಡಿರಿ. ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿಗಳು ಕೂತಿದ್ದರೆ ಪೇಂಟರನನ್ನು ಇನ್ನೊಂದು ವಾರ ತಡೆದು ಕರೆಯಿರಿ. ಬಚ್ಚಲುಮನೆಗೆ ಹೊಂದಿಕೊಂಡ ಗೋಡೆಯಲ್ಲಿ ಈ ಪರೀಕ್ಷೆಯನ್ನು ಮರೆಯದೆ ಮಾಡಬೇಕು.

ಬಚ್ಚಲಿನ ಮಾತು ಬಂದದ್ದರಿಂದ ಹೇಳುತ್ತೇನೆ, ಅಲ್ಲಿ ಟೈಲ್ಸ್ ಕೂರಿಸುವ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ನೆಲದ ತುಂಬ ಎರಡು ದಿನ ನೀರು ನಿಲ್ಲಿಸಿ ಕೆಳಗಿನ ಚಾವಣಿಯನ್ನು ನೋಡಿಕೊಳ್ಳಬೇಕು. ಇದಕ್ಕೆ ಖರ್ಚೇನೂ ಇಲ್ಲ, ಆದರೆ ಕೆಲಸದವರು ತಾವಾಗಿ ಮಾಡುವುದು ಅಪರೂಪ, ಮನೆಯವರೇ ನಿಂತು ಮಾಡಿಸಬೇಕು. ಟೈಲ್ಸ್ ಆದ ಮೇಲೆ ಒಂದು ಬಕೆಟ್ ನೀರು ಸುರಿದು, ಅದು ಎಲ್ಲಿಯೂ ಮಡುಗಟ್ಟದೆ ಜಾಲರಿಯತ್ತ ಓಡುತ್ತದೆಯೇ ಎಂದು ನೋಡಿ. ಬಳಿಕ ನಾಣ್ಯದಿಂದ ಒಂದೊಂದೇ ಟೈಲನ್ನು ತಟ್ಟಿ, ಎಲ್ಲಿ ಪೊಳ್ಳು ಸದ್ದು ಬರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿರಿ. ಕೊನೆಯ ಕಂತಿನ ಹಣ ಕೊಡುವ ಮುಂಚೆ ಅವನ್ನು ಕೀಳಿಸಿ ಮತ್ತೆ ಹಾಕಿಸಿಕೊಳ್ಳುವುದು ಸುಲಭ, ಕೊಟ್ಟ ಮೇಲೆ ಬಲು ಕಷ್ಟ. ಸಿಮೆಂಟಿನ ಕಲೆ ತೆಗೆಯಲು ಆ್ಯಸಿಡ್ ಸುರಿಯುವ ಅಭ್ಯಾಸ ನಮ್ಮ ಕೆಲಸಗಾರರಲ್ಲಿ ಬಹಳ. ಅದು ಟೈಲ್ಸಿನ ಸಂದಿಯನ್ನೂ ನಲ್ಲಿಯ ಹೊಳಪನ್ನೂ ಒಟ್ಟಿಗೇ ತಿಂದುಹಾಕುತ್ತದೆಯಾದ್ದರಿಂದ ಖಂಡಿತ ಒಪ್ಪಬೇಡಿ.

ಅಡುಗೆ ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ಟೇಪಿಗೆ ಬಿಡದೆ, ಆ ಮನೆಯಲ್ಲಿ ದಿನವೂ ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳೆಯಿರಿ. ಮೊಣಕೈ ಮಡಚಿ ನಿಂತಾಗ ಅದಕ್ಕಿಂತ ನಾಲ್ಕೈದು ಅಂಗುಲ ಕೆಳಗೆ ಕಟ್ಟೆ ಬಂದರೆ ಸೊಂಟಕ್ಕೆ ಹಿತ. ಸಾಮಾನ್ಯವಾಗಿ ಇದು 32ರಿಂದ 34 ಅಂಗುಲಕ್ಕೆ ಬರುತ್ತದೆ. ಸಿಂಕಿನ ಕೆಳಗಿನ ಕಪಾಟಿಗೆ ನೀರಿಗೆ ತಡೆಯುವ 710 ದರ್ಜೆಯ ಪ್ಲೈವುಡ್ಡನ್ನೇ ಕೇಳಿ ಹಾಕಿಸಿ. ಮಲಗುವ ಕೋಣೆಯ ವಾರ್ಡ್‌ರೋಬಿಗೆ ಸಾಧಾರಣ 303 ದರ್ಜೆಯದು ಸಾಕು, ಅಲ್ಲಿ ಹೆಚ್ಚು ಖರ್ಚು ಮಾಡಬೇಕಾಗಿಲ್ಲ. ಗ್ರೈಂಡರ್, ಓವನ್, ಮಿಕ್ಸಿಗಳಿಗೆ ಪ್ಲಗ್ ಪಾಯಿಂಟುಗಳನ್ನು ಈಗಲೇ ಧಾರಾಳವಾಗಿ ಇಡಿಸಿಕೊಳ್ಳುವುದು ಮೇಲು. ವಿದ್ಯುತ್ ಫಲಕದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್ಚು) ಇಲ್ಲದೆ ಯಾವ ಎಲೆಕ್ಟ್ರಿಷಿಯನ್ನನಿಗೂ ಪೂರ್ತಿ ಹಣ ಕೊಡಬೇಡಿ.

ಮುಹೂರ್ತವನ್ನು ಮುಂದೂಡಲು ಆಗದಿದ್ದರೆ ಅದಕ್ಕೂ ದಾರಿಯಿದೆ. ಗೋಡೆಗೆ ಪ್ರೈಮರ್ ಮಾತ್ರ ಹಚ್ಚಿಸಿ ಗೃಹಪ್ರವೇಶ ಮಾಡಿಕೊಂಡು, ಬಣ್ಣದ ಕೆಲಸವನ್ನು ಮಳೆ ಕಳೆದ ಮೇಲೆ ಮುಗಿಸಬಹುದು. ನಿಜಕ್ಕೂ ಇದೇ ಜಾಣತನ, ಏಕೆಂದರೆ ಹೋಮದ ಹೊಗೆಗೆ ಹಾಲಿನ ಚಾವಣಿ ಹೇಗೂ ಮಸಿಯಾಗುತ್ತದೆ. ಹೊಸಿಲು ದಾಟಿಸುವ ಹಸುವಿಗೆ ವಿಟ್ರಿಫೈಡ್ ಟೈಲ್ಸಿನ ಮೇಲೆ ಗೊರಸು ನಿಲ್ಲುವುದಿಲ್ಲ, ಬಾಗಿಲಿನಿಂದ ದೇವರಮನೆಯವರೆಗೆ ಒದ್ದೆ ಮಾಡಿದ ಗೋಣಿಚೀಲಗಳನ್ನು ಹಾಸಿರಿ. ತೋರಣ ಕಟ್ಟುವ ಕೊಕ್ಕೆಗಳನ್ನು ಬಾಗಿಲಿನ ಚೌಕಟ್ಟಿಗೆ ಪಾಲಿಶ್ ಮಾಡುವ ಮೊದಲೇ ಹಾಕಿಸಿ. ಇಲ್ಲವಾದರೆ ಆ ದಿನ ಬೆಳಗ್ಗೆ ಯಾರೋ ಒಬ್ಬ ಸೋದರಮಾವ ತೇಗದ ಮೈಗೆ ಮೊಳೆ ಬಡಿಯುವುದು ನಿಶ್ಚಯ.

ಇನ್ನು ಕೈತೋಟ. ಹೊಸ ಮನೆಯ ಸುತ್ತ ಇರುವುದು ಹೆಸರಿಗೆ ಮಾತ್ರ ಮಣ್ಣು, ಅಗೆದರೆ ಜಲ್ಲಿ, ಗಾರೆಯ ಹೆಂಟೆ, ಇಟ್ಟಿಗೆ ಚೂರು, ಸೆಂಟ್ರಿಂಗ್ ಹಲಗೆಯ ತುಂಡು ಎಲ್ಲವೂ ಸಿಗುತ್ತವೆ. ಸಿಮೆಂಟು ಬೆರೆತ ಮಣ್ಣು ಕ್ಷಾರವಾಗಿ, ನಿಂಬೆ, ದಾಸವಾಳದಂಥ ಗಿಡಗಳ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಗೆ ತಿರುಗುತ್ತವೆ. ಆಗ ಎಷ್ಟು ಗೊಬ್ಬರ ಹಾಕಿದರೂ ಪ್ರಯೋಜನ ಕಡಿಮೆ. ಗಿಡ ನೆಡುವ ಪಟ್ಟಿಯಲ್ಲಿ ಒಂದೂವರೆ ಅಡಿಯಷ್ಟಾದರೂ ಅಗೆಸಿ, ಕಸವನ್ನು ಹೊರಗೆ ಸಾಗಿಸಿ, ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಹಲಗೆಯ ಚೂರುಗಳನ್ನೂ ಹಸಿ ಸಗಣಿಯನ್ನೂ ಮಣ್ಣಿನಲ್ಲಿ ಬಿಟ್ಟರೆ ಗೆದ್ದಲು ಅಲ್ಲಿಗೆ ಬಂದು, ಅಲ್ಲಿಂದ ನಿಮ್ಮ ಬಾಗಿಲಿನ ಚೌಕಟ್ಟಿಗೆ ದಾರಿ ಮಾಡಿಕೊಳ್ಳುತ್ತದೆ. ಮಣ್ಣಿನ ಮಟ್ಟ ಮನೆಯ ಒಳನೆಲಕ್ಕಿಂತ ಅರ್ಧ ಅಡಿಗೂ ಹೆಚ್ಚು ಕೆಳಗಿರಲಿ. ಗೋಡೆಗೆ ಒತ್ತಿ ಮಣ್ಣೇರಿಸಿ ಹೂವಿನ ಪಾತಿ ಮಾಡಿದರೆ, ಒಳಗೆ ಅಷ್ಟು ಜೋಪಾನವಾಗಿ ಒಣಗಿಸಿದ ಗೋಡೆ ಬುಡದಿಂದಲೇ ಮತ್ತೆ ತೇವ ಹಿಡಿಯುತ್ತದೆ.

30×40 ಅಡಿಯ ನಿವೇಶನದಲ್ಲಿ ಮನೆಯ ಸುತ್ತ ಉಳಿಯುವುದು ಮೂರ್ನಾಲ್ಕು ಅಡಿ ಜಾಗ. ಅಲ್ಲಿ ತೆಂಗು, ಸಂಪಿಗೆ, ಮಾವುಗಳ ಆಸೆ ಬೇಡ. ಬಿಸಿಲು ಬೀಳುವ ಕಡೆ ಒಂದು ಕರಿಬೇವು, ಒಂದು ನಿಂಬೆ, ಮುಂದೆ ಪಾರಿಜಾತ, ನೀರು ಹರಿಯುವ ಕಡೆ ಒಂದು ಬಾಳೆ, ನೆರಳಿನಲ್ಲಿ ಒಂದೆಲಗ, ಕುಂಡದಲ್ಲಿ ದೊಡ್ಡಪತ್ರೆ ಇಷ್ಟಾದರೆ ಅಡುಗೆಗೂ ಪೂಜೆಗೂ ಆಯಿತು. ನುಗ್ಗೆಯ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ, ವಿದ್ಯುತ್ ತಂತಿಯ ಕೆಳಗಂತೂ ನೆಡಲೇಬೇಡಿ. ಸಂಪಿನ ಹತ್ತಿರ ಯಾವ ಮರವೂ ಬೇಡ. ಗಿಡ ನೆಡಲು ಆಷಾಢದ ಅಡ್ಡಿಯೇನೂ ಇಲ್ಲ, ಮುಂಗಾರಿನ ಮೊದಲ ಹದ ಮಳೆಗಳ ನಂತರ ನೆಟ್ಟ ಸಸಿಗೆ ನೀರು ಹೊರುವ ಕೆಲಸವೂ ಕಡಿಮೆ.

ತಾರಸಿಯ ನೀರನ್ನು ಸುಮ್ಮನೆ ರಸ್ತೆಗೆ ಬಿಡಬೇಡಿ. ಸಾವಿರ ಚದರ ಅಡಿಯ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು. ಬೆಂಗಳೂರಿನಲ್ಲಂತೂ ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ಬಂದ ತಿದ್ದುಪಡಿಯಿಂದ ಇಂಥ ನಿವೇಶನದ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ಮೊದಲ ಮಳೆಯ ಕೊಳಕು ನೀರನ್ನು ಹೊರಗೆ ಬಿಡಲು ಕೊಳವೆಗೆ ಬೇರೆ ಮುಚ್ಚಳ ಇಡಿಸಿ, ನಂತರದ್ದನ್ನು ಸೋಸಿ ಸಂಪಿನೊಳಕ್ಕೆ ಬಿಡಿ. ತಾರಸಿಗೆ ಹತ್ತಿದಾಗಲೆಲ್ಲ ಪ್ಯಾರಪೆಟ್ಟಿನ ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿಯ ಕುಡಿ ಬಂದಿದೆಯೇ ನೋಡಿ, ಎರಡೆಲೆಯಿರುವಾಗಲೇ ಬೇರುಸಹಿತ ಕೀಳಿರಿ. ಉಳಿದ ಟೈಲ್ಸಿನ ಒಂದೊಂದು ಪೆಟ್ಟಿಗೆ, ಬಣ್ಣದ ಶೇಡ್ ನಂಬರು, ಗೋಡೆ ಮುಚ್ಚುವ ಮುಂಚೆ ತೆಗೆದ ಪೈಪು ಮತ್ತು ವೈರಿನ ಫೋಟೋಗಳು, ಇಷ್ಟನ್ನು ಮನೆಯ ದಾಖಲೆಗಳಷ್ಟೇ ಜತನವಾಗಿ ಇಟ್ಟುಕೊಳ್ಳಿ. ಮುಂದೆ ಗೀಸರ್ ಬದಲಿಸಲು ಗೋಡೆ ಕೊರೆಯುವವನು ಮೊದಲು ಕೇಳುವುದು ಅವನ್ನೇ.